ಮೊಣಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್: ಅಮ್ಮನಿಗೆ ಮಾಡಿಸಬಹುದೇ?

ಸವೆದ ಮೊಣಕಾಲಿಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚಿಸಿದರೆ ಮೃದ್ವಸ್ಥಿ, ಅಂದರೆ ಕೀಲಿನ ಮೂಳೆಗಳ ತುದಿಯನ್ನು ಮುಚ್ಚುವ ನುಣುಪಾದ ಪದರ, ಮತ್ತೆ ಬೆಳೆಯುತ್ತದಾ, ಅಮ್ಮನಿಗೆ ಮಾಡಿಸಲಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ, ಹಾಗಾಗಿ ಅದು ದುರಸ್ತಿಯಾಗುವುದು ತೀರಾ ಕಷ್ಟ. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ನೆಲೆಯೂರುವುದೇ ಇಲ್ಲ. ಕೆಲವರಿಗೆ ನೋವು ಇಳಿಯುವುದು ನಿಜ, ಆದರೆ ಬರೀ ಉಪ್ಪುನೀರು ಚುಚ್ಚಿದರೂ ಎಷ್ಟೋ ಜನರಿಗೆ ಇಳಿಯುತ್ತದೆ!

ಸ್ಟೆಮ್ ಸೆಲ್ ಚಿಕಿತ್ಸೆಯೇ ಸುಳ್ಳಲ್ಲ. ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ (ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳನ್ನು ಕೊಡುವುದು) ದಶಕಗಳಿಂದ ಜೀವ ಉಳಿಸುತ್ತಿದೆ. ಸುಟ್ಟಗಾಯದಿಂದ ಹಾಳಾದ ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಇಂಥದೊಂದು ಚಿಕಿತ್ಸೆಯನ್ನು ಯುರೋಪ್ 2015ರಲ್ಲಿ ಒಪ್ಪಿತು. ಮೊಣಕಾಲಿನ ವಿಷಯದಲ್ಲಿ ಅಂಥ ಗಟ್ಟಿ ಪುರಾವೆ ಇನ್ನೂ ಬಂದಿಲ್ಲ, ಕೀಲಿನಲ್ಲಿ ಸೋಂಕಾಗುವ ಅಪಾಯವಂತೂ ಇದೆ.

ಕ್ಲಿನಿಕ್‌ನವರು ಇದು ಪ್ರಯೋಗ ಎಂದರೆ ಅದರ ನೋಂದಣಿ ಸಂಖ್ಯೆ ಕೇಳಿ. ಗಟ್ಟಿ ಪುರಾವೆ ಬರುವವರೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಶುರುಮಾಡಿಸಿ.