ಬೇಕಲಕ್ಕೆ ಹೊರಟ ಮೈಸೂರಿನವರಿಗೆ

ಕುವೆಂಪುನಗರದ ನಮ್ಮ ಎದುರು ಮನೆಯ ಅಕ್ಕ ಮೊನ್ನೆ ಕೇಳಿದರು: "ಡಿಸೆಂಬರ್ ರಜೆಗೆ ಬೇಕಲದಲ್ಲಿ ರೂಮ್ ಬುಕ್ ಮಾಡಿದ್ದೀವಿ. ನಿಮ್ಮ ಕಡೆಯ ಊರಲ್ವಾ? ಕೋಟೆ ಬಿಟ್ಟು ಅಲ್ಲೇನಿದೆ? ಕನ್ನಡ ನಡೆಯುತ್ತಾ?" ಗೇಟಿನ ಹತ್ತಿರ ನಿಂತು ಹೇಳಿದ್ದು ಸಾಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೌದಕ್ಕ, ನಮ್ಮ ಕಡೆಯದೇ. ನಮ್ಮ ಮನೆ ಇರುವುದು ಕಾಸರಗೋಡಿನ ಮುಳ್ಳೇರಿಯದಲ್ಲಿ. ನೀವು ಮಡಿಕೇರಿ, ಸಂಪಾಜೆ, ಸುಳ್ಯ, ಜಾಲ್ಸೂರು ದಾರಿಯಲ್ಲಿ ಬನ್ನಿ. ಕಾವೇರಿ ಹುಟ್ಟುವ ಕೊಡಗಿನಲ್ಲೇ ನಮ್ಮ ಪಯಸ್ವಿನಿಯೂ ಹುಟ್ಟುತ್ತದೆ. ಕಾವೇರಿ ನಿಮ್ಮ ಕಡೆ ಬಂದಳು, ಇವಳು ಪಡುವಣಕ್ಕೆ ಇಳಿದಳು. ಕಾಸರಗೋಡು ಪೇಟೆಯ ಹತ್ತಿರ ಕಡಲು ಸೇರುವಾಗ ಇವಳ ಹೆಸರು ಚಂದ್ರಗಿರಿ.

ಭಾಷೆ ಕೇಳಿದಿರಲ್ಲ, ಅದಕ್ಕೂ ಈ ಹೊಳೆಯೇ ಉತ್ತರ. ಹೊಳೆಯ ಬಡಗು ಕಡೆ ಕನ್ನಡ, ತುಳು ಜಾಸ್ತಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ನಾನು ಹತ್ತನೇ ತರಗತಿವರೆಗೆ ಓದಿದ್ದು ಕನ್ನಡದಲ್ಲೇ. ಹೊಳೆ ದಾಟಿ ತೆಂಕಲಿಗೆ ಹೋದ ಹಾಗೆ ಮಲಯಾಳ. ಬೇಕಲ ಇರುವುದು ಆ ಕಡೆ, ಪೇಟೆಯಿಂದ ಸುಮಾರು 15 ಕಿಲೋಮೀಟರ್. ಆದರೂ ಮಂಗಳೂರಿಗೆ ಓಡಾಡುವವರು ಅಲ್ಲಿ ಬಹಳ. ನಿಧಾನವಾಗಿ ಕನ್ನಡ ಮಾತಾಡಿ, ಎಷ್ಟೋ ಜನಕ್ಕೆ ತಿಳಿಯುತ್ತದೆ.

ಕೋಟೆಯನ್ನು ಸುಮ್ನೆ ಫೋಟೋ ತೆಗೆದು ಮುಗಿಸಬೇಡಿ. ಇದು ಕೆಳದಿ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ್ದು. ಆಮೇಲೆ ಹೈದರ್, ಟಿಪ್ಪು ಕೈಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಬ್ರಿಟಿಷರ ಪಾಲಾಯಿತು. ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಪಟ್ಟಣದ ಸೋಲು ಇಷ್ಟು ದೂರದ ಕಡಲ ದಂಡೆಯ ಹಣೆಬರಹ ಬದಲಿಸಿತು ನೋಡಿ. ಒಳಗೆ ಅರಮನೆ ಹುಡುಕಬೇಡಿ. ಇದು ಸೈನ್ಯಕ್ಕೆಂದೇ ಕಟ್ಟಿದ ಕೋಟೆ. ಸುಮಾರು 40 ಎಕರೆ, ಪೂರ್ತಿ ಮುರಕಲ್ಲು, ಅಂದರೆ ನಮ್ಮ ಕಡೆಯ ಕೆಂಪು ಕಲ್ಲು. ಕಡಲ ಕಡೆಯ ಗೋಡೆಯಲ್ಲಿರುವ ಕಿಂಡಿಗಳನ್ನು ಮಕ್ಕಳಿಗೆ ತೋರಿಸಿ. ಮೇಲಿನ ಕಿಂಡಿ ದೂರದ ಹಡಗಿಗೆ, ಅದರ ಕೆಳಗಿನದು ಇನ್ನಷ್ಟು ಹತ್ತಿರ ಬಂದವರಿಗೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದವರಿಗೆ. ಒಂದೊಂದಕ್ಕೂ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಎತ್ತಿ ಹಾಗೆ ತೋರಿಸಿದ್ದರು. ನಡುವಿನ ಎತ್ತರದ ಬುರುಜಿಗೂ ಹತ್ತಿ. ಬಾಗಿಲ ಹತ್ತಿರ ಮುಖ್ಯಪ್ರಾಣನ ಗುಡಿ ಇದೆ, ಅಲ್ಲೇ ಸಮೀಪದಲ್ಲಿ ಹಳೆಯ ಮಸೀದಿಯೂ ಇದೆ.

ದೊಡ್ಡ ರಿಸಾರ್ಟುಗಳು ಬಂದದ್ದು ಈಚೆಗೆ. 1995ರಲ್ಲಿ ಕೇರಳ ಸರ್ಕಾರ ಬೇಕಲದ ಪ್ರವಾಸೋದ್ಯಮಕ್ಕಾಗಿಯೇ ಒಂದು ನಿಗಮ ಮಾಡಿತು. ರೂಮು ಚೆನ್ನಾಗಿಯೇ ಇರುತ್ತದೆ, ಆದರೆ ಎರಡೂ ದಿನ ಈಜುಕೊಳದಲ್ಲೇ ಕಳೆದರೆ ನನಗೆ ಬೇಜಾರಾಗುತ್ತದೆ. ಒಂದು ಬೆಳಗ್ಗೆ ಬೇಗ ಎದ್ದು ಕೋಟಿಕುಳಂ ಕಡೆಯ ಮೀನುಗಾರರ ಕೇರಿಗೆ ನಡೆಯಿರಿ. ನಮ್ಮ ಬೂತಾಯಿಗೆ ಅಲ್ಲಿ ಮತ್ತಿ, ಬಂಗುಡೆಗೆ ಅಯಿಲ. ಹೆಸರು ಬೇರೆ, ಮೀನು ಅದೇ. ಮಧ್ಯಾಹ್ನ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಊಟ ಮಾಡಿ. ಮುದ್ದೆ ತಿಂದವರಿಗೆ ಕುಚ್ಚಲಕ್ಕಿ ಕಷ್ಟವಾಗದು.

ಸಂಜೆಗೆ ಪಳ್ಳಿಕ್ಕೆರೆ ಬೀಚ್. ನೀರಿಗಿಳಿಯುವುದಾದರೆ ಮೊಣಕಾಲಿನವರೆಗೆ ಸಾಕು, ಕೋಟೆಯ ಕೆಳಗಿನ ಬಂಡೆಗಳ ಹತ್ತಿರ ಬೇಡವೇ ಬೇಡ. ಡಿಸೆಂಬರ್ ತೆಯ್ಯಂ ಕಾಲವೂ ಹೌದು. ಹತ್ತಿರದಲ್ಲಿ ಎಲ್ಲಾದರೂ ಇದೆಯೇ ಎಂದು ರೂಮಿನವರನ್ನು ಕೇಳಿ. ನಮ್ಮ ಭೂತಕೋಲದ ಹಾಗೇ ಅದೂ ದೈವದ ಕೆಲಸ. ಚಪ್ಪಲಿ ಹೊರಗೆ ಬಿಟ್ಟು, ಸುಮ್ಮನೆ ನಿಂತು ನೋಡಿ.

ವಾಪಸ್ ಬರುವಾಗ ಮುಳ್ಳೇರಿಯದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಅಕ್ಕ. ಅಮ್ಮನಿಗೆ ಫೋನ್ ಮಾಡಿ ಹೇಳಿರುತ್ತೇನೆ. ಮಕ್ಕಳಿಗೆ ನೀರುದೋಸೆ ಹೊಯ್ದುಕೊಡುತ್ತಾರೆ. ಅವರಿಗೆ ನಿಮ್ಮ ಮೈಸೂರು ಕನ್ನಡ ಕೇಳುವುದೆಂದರೆ ತುಂಬಾ ಇಷ್ಟ.