ಬಾದಾಮಿ ಗುಹೆಗಳು: ಮಂಡಿನೋವಿದ್ದರೆ ಹತ್ತಬಹುದಾ?

ಅಮ್ಮನಿಗೆ ಮಂಡಿನೋವು, ಬಾದಾಮಿ ಗುಹೆಗಳಿಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಾಲ್ಕು ಗುಹೆಗಳು ಗುಡ್ಡದಲ್ಲಿ ಮೇಲೆ ಮೇಲೆ ಇವೆ, ನಡುವೆ ಕಲ್ಲಿನ ಮೆಟ್ಟಿಲು. ಮೊದಲನೆಯದಕ್ಕೆ ಸ್ವಲ್ಪ ಹತ್ತಿದರೆ ಸಾಕು. ಅಲ್ಲೇ ಹೊರಗಿನ ಬಂಡೆಯಲ್ಲಿ 18 ಕೈಗಳ ನಟರಾಜ ಇದ್ದಾನೆ. ಅಮ್ಮನಿಗೆ ಅಷ್ಟೇ ಆದರೂ ಬಂದದ್ದು ಸಾರ್ಥಕ.

ಕಾಲು ಒಪ್ಪಿದರೆ ಮಾತ್ರ ನಿಧಾನವಾಗಿ ಮೂರನೆಯದಕ್ಕೆ ಹೋಗಿ. ನನ್ನ ಪ್ರಕಾರ ಬಾದಾಮಿಯ ಜೀವ ಅದೇ. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಶಾಸನ ಕ್ರಿ.ಶ. 578ರದ್ದು. ವಿಷ್ಣು ಆದಿಶೇಷನ ಮೇಲೆ ಮಲಗಿರುವುದನ್ನೇ ನಾವು ಜಾಸ್ತಿ ನೋಡಿರುತ್ತೇವೆ, ಅಲ್ವಾ? ಇಲ್ಲಿ ಕುಳಿತಿದ್ದಾನೆ, ತಲೆಯ ಮೇಲೆ ಹೆಡೆಗಳು. ವರಾಹ, ನರಸಿಂಹ, ತ್ರಿವಿಕ್ರಮರೂ ಇದ್ದಾರೆ. ಯಾವುದೂ ಕಲ್ಲು ತಂದು ಜೋಡಿಸಿದ್ದಲ್ಲ. ಕಂಬ, ಚಾವಣಿ, ದೇವರು ಎಲ್ಲವೂ ಅದೇ ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ತೆಗೆದದ್ದು. ಕಂಬಗಳ ತುದಿಯಲ್ಲಿರುವ ಜೋಡಿಗಳ ಶಿಲ್ಪ ಕಣ್ಣಿಗೆ ಬೇಗ ಬೀಳುವುದಿಲ್ಲ, ತಲೆ ಎತ್ತಿ ಹುಡುಕಿ.

ಬಿಸಿಲೇರುವ ಮುಂಚೆ ಬೆಳಿಗ್ಗೆಯೇ ಹತ್ತಿ. ಮಂಗಗಳು ಜಾಸ್ತಿ, ತಿನ್ನುವುದನ್ನು ಕೈಯಲ್ಲಿ ಹಿಡಿದುಕೊಳ್ಳಬೇಡಿ.