ಪ್ರಿಡೇಟರ್ 2 ಬಿಟ್ಟರೆ ನಷ್ಟ ಇದೆಯಾ? ನನಗಂತೂ ಆಯ್ತು

ಬೇರೆ ಗ್ರಹದ ಬೇಟೆಗಾರ ಜೀವಿಯೊಂದು ಮನುಷ್ಯರನ್ನು ಬೇಟೆಯಾಡುವ ಸಿನಿಮಾ, ಮೊದಲ ಪ್ರಿಡೇಟರ್, ಈಗಷ್ಟೇ ಮುಗಿಸಿದ್ದೀರಿ. ಎರಡನೆಯದರಲ್ಲಿ ಆರ್ನಾಲ್ಡ್ ಇಲ್ಲ, ಎಲ್ಲರೂ ಡಬ್ಬಾ ಅಂತಾರೆ, ಅದನ್ನು ಬಿಟ್ಟು ನೇರವಾಗಿ ಅದೇ ಸರಣಿಯ ಪ್ರೇ ನೋಡಲಾ ಅಂತ ಕೇಳಿದ್ದೀರಿ. ನಡುವೆ ಏಲಿಯನ್ ವರ್ಸಸ್ ಪ್ರಿಡೇಟರ್ ಬೇಕಾ ಅಂತಲೂ ಕೇಳಿದ್ದೀರಿ. ಇದು ನನ್ನದೇ ಹಳೇ ಪ್ರಶ್ನೆ. ನೀವು ಕೇಳುವ ಬುದ್ಧಿ ತೋರಿಸಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್ ಹತ್ತಿರ ವಿಸಿಡಿ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಒಂದು ಶನಿವಾರ ಎರಡೂ ಪ್ರಿಡೇಟರ್ ತಂದು ಒಂದೇ ರಾತ್ರಿ ಮುಗಿಸೋದು ಅಂತ ಕೂತೆವು. ಮೊದಲನೆಯದು ಮುಗಿದಾಗ ರೂಮಿನಲ್ಲಿ ಶಿಳ್ಳೆ. ಮೈಗೆಲ್ಲ ಕೆಸರು ಮೆತ್ತಿಕೊಂಡ ಆರ್ನಾಲ್ಡ್ ಇನ್ನೂ ಕಣ್ಣ ಮುಂದೆಯೇ ಇದ್ದಾನೆ, ಅಷ್ಟರಲ್ಲಿ ಎರಡನೆಯದು ಹಾಕಿದೆವು. ಲಾಸ್ ಏಂಜಲೀಸ್, ಬೀದಿಯಲ್ಲಿ ಗುಂಡಿನ ಕಾಳಗ, ಪೊಲೀಸ್ ಪಾತ್ರದಲ್ಲಿ ಬೆವರಿ ಒದ್ದೆಯಾದ ಡ್ಯಾನಿ ಗ್ಲೋವರ್. ಹತ್ತೇ ನಿಮಿಷಕ್ಕೆ ಯಾರೋ "ಇವನೇನೋ ಹೀರೋ?" ಅಂದ. ಕಿಂಗ್ ವಿಲ್ಲಿ ಎಂಬ ಜಡೆಗೂದಲಿನ ಡಾನ್ ಬರುವ ಹೊತ್ತಿಗೆ ಮೊದಲ ಸಿಡಿ ಮುಗಿಯಿತು. ಪಿಸಿಯ ಟ್ರೇ ಹೊರಗೆ ಬಂತು. ಎದ್ದು ಎರಡನೇ ಸಿಡಿ ಹಾಕಬೇಕಾದವನು ನಾನು. "ಸಾಕು ಬಿಡ್ರೋ" ಅಂತ ಟ್ರೇ ಒಳಗೆ ತಳ್ಳಿ ಮಲಗಿದೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅರ್ಧ ಸಿನಿಮಾ ಬಿಟ್ಟು ಮಲಗುವುದು ತಪ್ಪೇನಲ್ಲ, ಎಲ್ಲರೂ ಮಾಡ್ತಾರೆ. ಮರುದಿನದಿಂದ ನಾನು ಅದನ್ನು ಪೂರ್ತಿ ನೋಡಿದವನ ಹಾಗೆ ಮಾತಾಡಲು ಶುರು ಮಾಡಿದೆ. "ನೋಡಿದೀನಿ, ಏನೂ ಇಲ್ಲ ಅದರಲ್ಲಿ" ಅಂತ ಕೇಳಿದವರಿಗೆಲ್ಲ ಹೇಳಿದೆ. ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟೆ. ಕ್ವಿಜ್ ಟೀಮಿನಲ್ಲಿ ಸಿನಿಮಾ ಪ್ರಶ್ನೆಗಳೆಲ್ಲ ನನ್ನ ಪಾಲಿಗೆ. ನನ್ನ ಜೊತೆಗಾರನೂ ನನ್ನ ಮಾತು ನಂಬಿ ಆ ಸಿನಿಮಾದ ಗೋಜಿಗೆ ಹೋಗಲಿಲ್ಲ.

ಮೈಸೂರಿನಲ್ಲಿ ಒಂದು ಅಂತರ ಕಾಲೇಜು ಕ್ವಿಜ್ ಫೈನಲ್. ಕೊನೆಯ ಬಝರ್ ಸುತ್ತು, ತಪ್ಪು ಉತ್ತರಕ್ಕೆ ಅಂಕ ಕಟ್. ನಾವೇ ಮುಂದಿದ್ದೆವು. ಪರದೆ ಮೇಲೆ ಉದ್ದನೆಯ, ನುಣ್ಣನೆಯ ಒಂದು ತಲೆಬುರುಡೆ. ಏಲಿಯನ್ ಸಿನಿಮಾಗಳ ಆ ಜೀವಿಯ ಬುರುಡೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಇದು ಪ್ರಿಡೇಟರ್ ಬೇಟೆಯಾಡಿ ಇಟ್ಟುಕೊಂಡ ಟ್ರೋಫಿಗಳ ನಡುವೆ ಮೊದಲು ಕಂಡ ಸಿನಿಮಾ ಯಾವುದು ಅಂತ ಪ್ರಶ್ನೆ. ಜೊತೆಗಾರ ನನ್ನ ಮೊಣಕೈ ಹಿಡಿದು "ಲೋ, ತಡಿ, ಹಳೇದರಲ್ಲಿ ಇರಬಹುದು" ಅಂದ. "ನಾನು ನೋಡಿಲ್ವಾ" ಅಂತ ಬಝರ್ ಒತ್ತಿ 2004ರ ಏಲಿಯನ್ ವರ್ಸಸ್ ಪ್ರಿಡೇಟರ್ ಅಂದೆ. ಪಕ್ಕದ ಟೀಮಿನ ಹುಡುಗಿ ಆರಾಮಾಗಿ "ಪ್ರಿಡೇಟರ್ 2" ಅಂದಳು. ನಮ್ಮ ಅಂಕ ಇಳಿಯಿತು, ಅವರದು ಏರಿತು, ಟ್ರೋಫಿ ಅವರ ಪಾಲಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಒಂದೇ ಮಾತು ಕೇಳಿದ: "ಎರಡನೇ ಸಿಡಿ ನೋಡಿದ್ದೆ ತಾನೇ?" ನಾನು ಕಿಟಕಿ ಕಡೆ ತಿರುಗಿದೆ. ಮುಂದಿನ ವರ್ಷ ಅವನು ಬೇರೆ ಟೀಮ್ ಸೇರಿದ.

ಆಮೇಲೆ ಸಿಟ್ಟಿನಿಂದಲೇ ಎರಡನೇ ಸಿಡಿ ತಂದು ನೋಡಿದೆ. ಇರೋದೆಲ್ಲ ಅದರಲ್ಲೇ ಇದೆ ಮಾರಾಯ್ರೇ.

ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿದೆ: ಪ್ರಿಡೇಟರ್ ಅಂದರೆ ಆರ್ನಾಲ್ಡ್ ಸಿನಿಮಾ ಅಂತ. ನಾನು ಇದನ್ನು ಒಪ್ಪಲ್ಲ. 1987ರಿಂದ 1990ಕ್ಕೆ ಬರುವಾಗ ಬಿಟ್ಟುಹೋದವರು ಮುಖ್ಯವಾಗಿ ಇಬ್ಬರು, ಆರ್ನಾಲ್ಡ್ ಮತ್ತು ನಿರ್ದೇಶಕ ಜಾನ್ ಮ್ಯಾಕ್‌ಟಿಯರ್ನನ್. ಕಥೆ ಬರೆದ ಥಾಮಸ್ ಸಹೋದರರು ಅವರೇ. ಅಲನ್ ಸಿಲ್ವೆಸ್ಟ್ರಿ ಸಂಗೀತ ಅದೇ. ಜೀವಿಯನ್ನು ರೂಪಿಸಿದ ಸ್ಟ್ಯಾನ್ ವಿನ್‌ಸ್ಟನ್ ಅವರೇ. ಆ ವೇಷದೊಳಗೆ ಇದ್ದವರೂ ಏಳಡಿ ದಾಟಿದ ಅದೇ ಕೆವಿನ್ ಪೀಟರ್ ಹಾಲ್. ನಾಯಕನಿಗಾಗಿ ಹೋದವರಿಗೆ ಎಲ್ಲ ಖಾಲಿ ಅನ್ನಿಸಿತು. ಬೇಟೆಗಾರನನ್ನು ನೋಡಲು ಹೋದವರಿಗೆ ಏನೂ ಕಮ್ಮಿ ಆಗಲಿಲ್ಲ. ಮೊದಲ ಗುಂಪೇ ದೊಡ್ಡದಿತ್ತು, ಅದು ನಿಜ. ಖರ್ಚು ಮೊದಲನೆಯದಕ್ಕಿಂತ ಜಾಸ್ತಿ, ಗಳಿಕೆ ಅದಕ್ಕಿಂತ ಎಷ್ಟೋ ಕೆಳಗೆ. ಬಂದಿದ್ದಾದರೂ ಯಾವಾಗ? ಹೋಮ್ ಅಲೋನ್ ಬಂದ ಮರುವಾರ! ಇಡೀ ಅಮೆರಿಕ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೊರಟಿತ್ತು.

ಸಿನಿಮಾ ಶುರುವಾಗುವುದೇ ಒಂದು ಕೀಟಲೆಯಿಂದ. ಕ್ಯಾಮೆರಾ ದಟ್ಟ ಮರಗಳ ಮೇಲೆ ಸಾಗುತ್ತದೆ, ಕಾಡಿನ ಸದ್ದು ಕೇಳುತ್ತದೆ. ಓ, ಮತ್ತೆ ಕಾಡು ಅಂದುಕೊಳ್ಳುವಷ್ಟರಲ್ಲಿ ಮರಗಳ ಆಚೆ ಲಾಸ್ ಏಂಜಲೀಸಿನ ಕಟ್ಟಡಗಳು ಏಳುತ್ತವೆ. ಮೊದಲನೆಯದರಲ್ಲಿ ಆ ಊರಿನ ಹುಡುಗಿ ಆ್ಯನಾ, ಬಿಸಿಲು ಅತಿಯಾದ ವರ್ಷಗಳಲ್ಲೇ ಅದು ಬರುತ್ತದೆ ಅಂತಾಳೆ, ನೆನಪಿದೆಯಾ? ಇಲ್ಲಿ 1997ರ ಸುಡುವ ಬೇಸಿಗೆ, ಜೊತೆಗೆ ಡ್ರಗ್ಸ್ ಗ್ಯಾಂಗುಗಳ ಬೀದಿ ಯುದ್ಧ. ಅದಕ್ಕೆ ಇನ್ನೇನು ಬೇಕು?

ಈಗ ಕಥೆ ಬಿಟ್ಟುಕೊಡ್ತೀನಿ, 1990ರ ಸಿನಿಮಾ, ಬೈಕೋಬೇಡಿ. ಆರ್ನಾಲ್ಡ್ ಗೆದ್ದದ್ದು ಹೇಗೆ? ಶಾಖ ನೋಡಿ ಬೇಟೆಯಾಡುವ ಪ್ರಿಡೇಟರ್‌ಗೆ ತನ್ನ ಮೈ ಶಾಖ ಕಾಣದ ಹಾಗೆ ಕೆಸರು ಮೆತ್ತಿಕೊಂಡು. ಎರಡನೆಯದರಲ್ಲಿ ಗ್ಯಾರಿ ಬ್ಯೂಸಿ ಮಾಡಿದ ಕೀಸ್ ಎಂಬ ಸರ್ಕಾರಿ ಅಧಿಕಾರಿ ಆ ಪಾಠವನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ. ಶಾಖ ಹೊರಗೆ ಬಿಡದ ಸೂಟು ತೊಟ್ಟ ಅವನ ಜನ, ಮಾಂಸ ನೇತುಹಾಕಿದ ಕಸಾಯಿಖಾನೆಯ ಕತ್ತಲಲ್ಲಿ ಕಾಯುತ್ತಾರೆ. ಪ್ರಿಡೇಟರ್ ಒಳಗೆ ಬಂದು ನಿಲ್ಲುತ್ತದೆ. ಏನೂ ಕಾಣಲ್ಲ. ಆಮೇಲೆ ಮುಖವಾಡದಲ್ಲಿ ನೋಟ ಬದಲಾಯಿಸುತ್ತಾ ಹೋಗುತ್ತದೆ, ಒಂದಾದ ಮೇಲೆ ಒಂದು, ರೇಡಿಯೋದಲ್ಲಿ ಸ್ಟೇಷನ್ ಹುಡುಕುವ ಹಾಗೆ. ಒಂದು ಕಡೆ ನಿಲ್ಲಿಸುತ್ತದೆ: ಅವರ ಟಾರ್ಚುಗಳ ಬೆಳಕು ಬೀಳುತ್ತಿರುವುದು ಪೂರ್ತಿ ಕಾಣ್ತಿದೆ. ಮೊದಲ ಸಿನಿಮಾ ನೋಡಿ ಎಲ್ಲ ಗೊತ್ತಾಯಿತು ಅಂದುಕೊಂಡವರೆಲ್ಲ ಆ ಕೋಣೆಯಲ್ಲಿ ಸಾಯುತ್ತಾರೆ. ಅವತ್ತು ಪಿಸಿ ಮುಂದೆ ಒಬ್ಬನೇ ಕೂತು ನನಗೆ ಮುಖ ಬಿಸಿಯಾಯಿತು.

ಮೊದಲನೆಯದರ ಇನ್ನೊಂದು ದಾರಿ, ಸೋತಾಗ ಪ್ರಿಡೇಟರ್ ತನ್ನನ್ನೇ ಸ್ಫೋಟಿಸಿಕೊಳ್ಳುವುದು. ಅದನ್ನೂ ಇಲ್ಲಿ ಮುಚ್ಚಿದ್ದಾರೆ. ಕಟ್ಟಡದ ಅಂಚಿಗೆ ಜೋತುಬಿದ್ದು ಬಾಂಬಿನ ಗುಂಡಿ ಒತ್ತುವಾಗ ಗ್ಲೋವರ್ ಆ ಕೈಯನ್ನೇ ಕತ್ತರಿಸುತ್ತಾನೆ. ಅದು ಯಾರದೋ ಬಚ್ಚಲುಮನೆಗೆ ನುಗ್ಗಿ, ಗೋಡೆ ಒಡೆದು, ಆ ಪುಡಿ ಸೇರಿಸಿ ಮದ್ದು ಕಾಯಿಸಿ ಗಾಯಕ್ಕೆ ಒತ್ತಿಕೊಂಡು ಕಿರುಚುತ್ತದೆ. ಹೊರಗೆ ಮನೆಯ ಅಜ್ಜಿ ಪೊರಕೆ ಹಿಡಿದು ನಿಂತಿದ್ದಾಳೆ. ಹೆದರಿಕೆಯೂ ನಗುವೂ ಒಟ್ಟಿಗೇ ಬರುತ್ತವೆ. ಇಲ್ಲಿಂದ ಮುಂದೆ ಓಡುವುದು ಪ್ರಿಡೇಟರ್, ಅಟ್ಟಿಸಿಕೊಂಡು ಹೋಗುವುದು ಎತ್ತರ ಅಂದ್ರೆ ಹೆದರುವ, ಏದುಸಿರು ಬಿಡುವ ಈ ಪೊಲೀಸಪ್ಪ. ಕೊನೆಗೆ ಅದರ ಬಾಹ್ಯಾಕಾಶ ಹಡಗಿನೊಳಗೇ ಇಳಿಯುತ್ತಾನೆ. ಆರ್ನಾಲ್ಡ್‌ಗೆ ಈ ಪಾತ್ರ ಕೊಟ್ಟಿದ್ದರೆ ಕೆಟ್ಟೇಹೋಗುತ್ತಿತ್ತು. ಆ ತೋಳು ಇಟ್ಟುಕೊಂಡು ಯಾರು ಹೆದರ್ತಾರೆ?

ಆ ಹಡಗಿನ ಗೋಡೆಯಲ್ಲೇ ನನ್ನ ಬುರುಡೆ ಇರೋದು. ಅಲ್ಲೇ ಹಿರಿಯ ಪ್ರಿಡೇಟರ್ ಒಂದು ಹಳೇ ಪಿಸ್ತೂಲನ್ನು ಗ್ಲೋವರ್ ಕಡೆ ಎಸೆಯುತ್ತದೆ. ಅದರ ಮೇಲೆ ರಫೇಲ್ ಅಡೋಲಿನಿ ಎಂಬ ಹೆಸರು, 1715 ಎಂಬ ಇಸವಿ. ನೀವು ನೇರ ಹೋಗಬೇಕು ಅಂತಿರುವ ಪ್ರೇ ನಡೆಯುವುದು 1719ರಲ್ಲಿ, ಅಮೆರಿಕದ ಮೂಲನಿವಾಸಿ ಕಮಾಂಚಿಗಳ ನಾಡಿನಲ್ಲಿ. ಆ ಪಿಸ್ತೂಲು ಅಲ್ಲಿ ನಾರು ಎಂಬ ಹುಡುಗಿಯ ಕೈಗೆ ಬರುತ್ತದೆ. ಎರಡನೆಯದು ನೋಡದೆ ಹೋದರೆ ನಿಮಗೆ ಅದು ಬರೀ ಪಿಸ್ತೂಲು. ನೋಡಿ ಹೋದರೆ ಕುರ್ಚಿಯಿಂದ ಏಳ್ತೀರಿ. 2018ರ ದಿ ಪ್ರಿಡೇಟರ್‌ನಲ್ಲಿ ಕೀಸ್‌ನ ಮಗನಾಗಿ ಗ್ಯಾರಿ ಬ್ಯೂಸಿಯ ಸ್ವಂತ ಮಗ ಜೇಕ್ ಬರುತ್ತಾನೆ. ಅದರಲ್ಲಿ ನೆನಪಿಡೋಕೆ ನನಗೆ ಸಿಕ್ಕಿದ್ದು ಅಷ್ಟೇ.

ಸಿನಿಮಾದಲ್ಲಿ ಹುಳುಕಿಲ್ಲ ಅಂತಲ್ಲ. ಜಮೈಕನ್ ಗ್ಯಾಂಗಿನವರನ್ನು ಬಣ್ಣ ಬಳಿದ ಬೊಂಬೆಗಳ ಥರ ತೋರಿಸಿದ್ದಾರೆ, ಈಗ ನೋಡಿದರೆ ಮುಜುಗರ. ಮೊದಲ ಅರ್ಧ ಗಂಟೆ ಬರೀ ಕೂಗಾಟ. ರಕ್ತ ಬೇಜಾನ್. ಕತ್ತರಿ ಹಾಕುವ ಮುಂಚೆ ಅಮೆರಿಕದಲ್ಲಿ ಇದಕ್ಕೆ ಮಕ್ಕಳಿಗೆ ಪ್ರವೇಶವೇ ಇಲ್ಲದ ಎನ್‌ಸಿ-17 ಕೊಟ್ಟಿದ್ದರು. ಮನೆಮಂದಿ ಜೊತೆ ಊಟದ ಹೊತ್ತಿಗೆ ಹಾಕಬೇಡಿ.

ಮೊದಲನೆಯದರ ಗುಂಗು ಇಳಿಯಲಿ, ಆಮೇಲೆ ನೋಡಿ. ಇವತ್ತೇ ರಾತ್ರಿ ಬೇಡವೇ ಬೇಡ. ಏಲಿಯನ್ ವರ್ಸಸ್ ಪ್ರಿಡೇಟರ್ ಬಿಟ್ಟುಬಿಡಿ. ಅದರ ಬಗ್ಗೆ ನ್ಯಾಯವಾದ ಅಭಿಪ್ರಾಯ ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ, ನನ್ನಿಂದ ಅದು ಆಗಲ್ಲ.